ಎಂ.ಎಫ್. ಡೂಮ್ ಅವರ ‘ಆಪರೇಷನ್: ಡೂಮ್ಸ್‌ಡೇ’ ನನಗೆ ಇನ್ನೂ ಹಿಡಿಸಿಲ್ಲ, ಏನು ಬಿಟ್ಟು ಕೇಳುತ್ತಿದ್ದೇನೆ?

ಹೊಸಕಿವಿ

ನಮಸ್ಕಾರ. ಹಿಪ್ ಹಾಪ್ ಕೇಳಲು ಶುರು ಮಾಡಿ ಎರಡು ವರ್ಷ ಆಯಿತು. ಲೋಹದ ಮುಖವಾಡ ಹಾಕಿ, ಖಳನಾಯಕನ ಪಾತ್ರದಲ್ಲಿ ಹಾಡುತ್ತಿದ್ದ ರ‍್ಯಾಪರ್ ಎಂ.ಎಫ್. ಡೂಮ್ ನನಗೆ ಸಿಕ್ಕಿದ್ದು 2004ರ ‘ಮ್ಯಾಡ್‌ವಿಲನಿ’ ಮೂಲಕ. ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಬೀಟ್ (ಹಿನ್ನೆಲೆ ಸಂಗೀತ) ಮ್ಯಾಡ್‌ಲಿಬ್ ಅವರದು, ಮಾತು ಡೂಮ್ ಅವರದು. ಬೀಟೂ ಮಾತೂ ಡೂಮ್ ಅವರದೇ ಆದರೆ ಇನ್ನೂ ಚೆನ್ನಾಗಿರಬೇಕು ಅಂದುಕೊಂಡು ಅವರ ಮೊದಲ ಸೋಲೋ ಆಲ್ಬಂ, 1999ರ ‘ಆಪರೇಷನ್: ಡೂಮ್ಸ್‌ಡೇ’ ಹಾಕಿದೆ.

ಮೂರು ಸಲ ಕೇಳಿದೆ. ದನಿ ಮಂಕಾಗಿದೆ, ಮೈಕ್ ಮೇಲೆ ಬಟ್ಟೆ ಹೊದಿಸಿದ ಹಾಗೆ. ಒಂದು ಹಾಡು ಜೋರು, ಇನ್ನೊಂದು ಮೆತ್ತಗೆ. ಮಧ್ಯೆ ಮಧ್ಯೆ ಕಾರ್ಟೂನ್ ಮಾತುಗಳು. ಕೆಳಗೆ ನೋಡಿದರೆ ಪ್ರೇಮಗೀತೆಯ ಹಾಗಿನ ನಯವಾದ ಟ್ಯೂನ್, ಮೇಲೆ ಒರಟು ಕಂಠ. ‘ಡೂಮ್ಸ್‌ಡೇ’ ಮತ್ತು ‘ರೈಮ್ಸ್ ಲೈಕ್ ಡೈಮ್ಸ್’ ಮಾತ್ರ ಮನಸ್ಸಿಗೆ ಹತ್ತಿದವು. ಉಳಿದದ್ದು ಹಾಗೇ ಹೋಯಿತು.

ಜನ ಇದನ್ನು ಇಷ್ಟೊಂದು ಮೆಚ್ಚುವುದು ಮೊದಲನೆಯದು ಅನ್ನೋ ಕಾರಣಕ್ಕಾ? ಅಥವಾ ನಾನೇ ಏನೋ ಬಿಡುತ್ತಿದ್ದೇನಾ? ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳುತ್ತಿದ್ದೇನೆ.

ತಿರುಗುತಟ್ಟೆ

ಒಳ್ಳೆಯ ಪ್ರಶ್ನೆ. ನನಗೂ ಈ ಆಲ್ಬಂ ಮೊದಲ ಸಲ ಹತ್ತಿರಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದು ಮೊದಲ ಸೋಲೋ ಆಲ್ಬಂ ನಿಜ. ಆದರೆ ಇದು ಹೊಸಬನ ಆಲ್ಬಂ ಅಲ್ಲ. ಡೂಮ್, ಅಂದರೆ ಡ್ಯಾನಿಯಲ್ ಡೂಮಿಲೆ, ಹುಟ್ಟಿದ್ದು ಲಂಡನ್‌ನಲ್ಲಿ, 1971ರಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ. ಆಗ ಅವರ ಹೆಸರು ಜೆವ್ ಲವ್ ಎಕ್ಸ್. ತಮ್ಮ ಸಬ್‌ರಾಕ್ ಜೊತೆ ಕೆ.ಎಂ.ಡಿ. ಅನ್ನೋ ತಂಡ ಕಟ್ಟಿದ್ದರು. 1991ರಲ್ಲಿ ಎಲೆಕ್ಟ್ರಾ ಅನ್ನೋ ದೊಡ್ಡ ಲೇಬಲ್‌ನಿಂದ (ಆಲ್ಬಂ ಹೊರತರುವ ಕಂಪನಿ) ‘ಮಿಸ್ಟರ್ ಹುಡ್’ ಬಂತು. ಅದರಲ್ಲಿ ಮುಖವಾಡ ಇಲ್ಲ, ಖಳನಾಯಕ ಇಲ್ಲ. ನಗುನಗುತ್ತಾ ಹಾಡುವ ಎಳೆ ಹುಡುಗರು.

ಎರಡನೇ ಆಲ್ಬಂ ‘ಬ್ಲ್ಯಾಕ್ ಬಾಸ್ಟರ್ಡ್ಸ್’ ಕೆಲಸ ನಡೆಯುತ್ತಿದ್ದಾಗ, 1993ರಲ್ಲಿ, ಸಬ್‌ರಾಕ್ ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡರು. ಅಣ್ಣ ಒಬ್ಬರೇ ಕೂತು ಅದನ್ನು ಮುಗಿಸಿದರು. 1994ರಲ್ಲಿ ಬಿಡುಗಡೆಗೆ ಸಿದ್ಧವಾಗಿತ್ತು. ಮುಖಪುಟದಲ್ಲಿ ಕರಿಯರನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ ಸ್ಯಾಂಬೋ ಬೊಂಬೆಯನ್ನು ನೇಣಿಗೆ ಹಾಕಿದ ಚಿತ್ರ. ಬರೆದದ್ದು ಡೂಮಿಲೆ ಅವರೇ. ಆ ಅವಮಾನದ ಬೊಂಬೆ ಸಾಯಲಿ ಅನ್ನೋದು ಅವರ ಮಾತು. ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಅಂಕಣದಲ್ಲಿ ಆಕ್ಷೇಪ ಬಂತು. ಲೇಬಲ್ ಹೆದರಿ ಆಲ್ಬಂ ನಿಲ್ಲಿಸಿತು, ಅವರನ್ನೂ ಕೈಬಿಟ್ಟಿತು. ತಮ್ಮ ಹೋಗಿ ಇನ್ನೂ ವರ್ಷವಾಗಿತ್ತಷ್ಟೇ. ತಮ್ಮನ ಕೊನೆಯ ಕೆಲಸವೂ ಕಪಾಟು ಸೇರಿತು.

ಆಮೇಲೆ ಮೂರು ವರ್ಷ ಅವರು ಸಂಗೀತದ ಕಣ್ಣಿಗೆ ಬೀಳಲಿಲ್ಲ. ಆ ದಿನಗಳಲ್ಲಿ ಹೆಚ್ಚುಕಡಿಮೆ ಮನೆಯಿಲ್ಲದವನಾಗಿ ಮ್ಯಾನ್‌ಹಟನ್ ಬೀದಿಗಳಲ್ಲಿ ಅಲೆದೆ, ಬೆಂಚುಗಳ ಮೇಲೆ ಮಲಗಿದೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. 1997ರ ಹೊತ್ತಿಗೆ ನ್ಯೂಯೊರಿಕನ್ ಪೊಯೆಟ್ಸ್ ಕೆಫೆಯ ವೇದಿಕೆಯಲ್ಲಿ ಒಬ್ಬ ಕಾಣಿಸಿಕೊಂಡ. ಮುಖದ ಮೇಲೆ ಹೆಂಗಸರ ಸ್ಟಾಕಿಂಗ್ ಎಳೆದುಕೊಂಡಿದ್ದ. ಜೆವ್ ಲವ್ ಎಕ್ಸ್ ಅಂತ ಹೇಳಿಕೊಳ್ಳಲಿಲ್ಲ. ಲೋಹದ ಮುಖವಾಡ ಬಂದದ್ದು ಆಮೇಲೆ.

ನೀವು ಮಂಕು ಅಂತ ಹೇಳಿದಿರಲ್ಲ, ಆ ದನಿ ಬಂದದ್ದು ಇಲ್ಲಿಂದ. ದೊಡ್ಡ ಲೇಬಲ್ ಇಲ್ಲದೆ, ಬೀಟನ್ನೂ ತಾವೇ ಮಾಡಿಕೊಂಡು ಕಟ್ಟಿದ ಆಲ್ಬಂ ಇದು.

ಬೀಟ್‌ಗೂಡು

ಜೋರು-ಮೆತ್ತಗೆ ವಿಷಯಕ್ಕೆ ಸರಳ ಉತ್ತರ ಇದೆ. ಆಲ್ಬಂ ಒಂದೇ ಸಲ ಕೂತು ಮಾಡಿದ್ದಲ್ಲ. ‘ಡೆಡ್ ಬೆಂಟ್’, ‘ಗ್ಯಾಸ್ ಡ್ರಾಲ್ಸ್’, ‘ಹೇ!’ ಈ ಮೂರೂ 1997ರಲ್ಲೇ 12 ಇಂಚಿನ ವಿನೈಲ್ ಸಿಂಗಲ್ ಆಗಿ ಬಂದಿದ್ದವು. ಇನ್ನೂ ಕೆಲವು ಹಾಡು ಅದೇ ದಾರಿಯಲ್ಲಿ ಮೊದಲು ಬಂದವು. ಆಲ್ಬಂನ ದ್ವಿತೀಯಾರ್ಧ ಹೆಚ್ಚು ಒರಟಾಗಿ ಕೇಳಿಸುವುದು ಅದಕ್ಕೇ. ಹಿಂದಿನಿಂದ ಮುಂದಕ್ಕೆ ಒಮ್ಮೆ ಕೇಳಿ ನೋಡಿ. 16ನೇ ಟ್ರ್ಯಾಕ್ ‘ಡೆಡ್ ಬೆಂಟ್’ನಿಂದ ಶುರು ಮಾಡಿ ಎರಡನೇ ಟ್ರ್ಯಾಕ್ ‘ಡೂಮ್ಸ್‌ಡೇ’ಗೆ ಬನ್ನಿ. ಕೈ ಪಳಗುತ್ತಾ ಬರುವುದು ಕಿವಿಗೆ ಗೊತ್ತಾಗುತ್ತದೆ.

ನಯವಾದ ಟ್ಯೂನ್ ಬಗ್ಗೆ ಹೇಳಲೇಬೇಕು. ನಾನೂ ಬೀಟ್ ಮಾಡುವವನು, ಈ ಆಲ್ಬಂ ನನ್ನ ತಲೆಯನ್ನೇ ತಿರುಗಿಸಿತು. ತೊಂಬತ್ತರ ದಶಕದಲ್ಲಿ ನ್ಯೂಯಾರ್ಕ್‌ನ ಅಂಡರ್‌ಗ್ರೌಂಡ್ ರ‍್ಯಾಪ್ ಅಂದರೆ ಹಳೆಯ ಜಾಝ್, ಗಟ್ಟಿ ಡ್ರಮ್, ಕತ್ತಲೆ ಬಣ್ಣ. ಮೃದು ಪ್ರೇಮಗೀತೆ ಮುಟ್ಟುವುದು ರೇಡಿಯೋ ಹಿಟ್‌ಗೆ ಹೊರಟವರ ಕೆಲಸ ಅನ್ನೋ ಭಾವನೆ ಇತ್ತು. ಡೂಮ್ ಎಗ್ಗಿಲ್ಲದೆ ಅದನ್ನೇ ಎತ್ತಿಕೊಂಡರು. ‘ಡೂಮ್ಸ್‌ಡೇ’ ಕೆಳಗೆ ಇರುವುದು ಗಾಯಕಿ ಶಾಡೆ ಅವರ ಹಾಡಿನ ತುಣುಕು. ‘ರೈಮ್ಸ್ ಲೈಕ್ ಡೈಮ್ಸ್’ ಕೆಳಗೆ ಕ್ವಿನ್ಸಿ ಜೋನ್ಸ್. ಆದರೆ ರೇಡಿಯೋ ಹಿಟ್ ಮಾಡುವವರು ಆ ತುಣುಕನ್ನು ತೊಳೆದು ಪಾಲಿಶ್ ಮಾಡುತ್ತಾರೆ. ಇವರು ಹಾಗೇ ಇಟ್ಟರು. ಲೂಪ್, ಅಂದರೆ ಮತ್ತೆ ಮತ್ತೆ ಬರುವ ಆ ತುಣುಕು, ಸುತ್ತಿ ಬರುವ ಕಡೆ ಸಣ್ಣ ಎಡವು ಇದ್ದರೂ ಬಿಟ್ಟರು. ಆ ಎಡವೇ ಹಾಡಿಗೆ ಒಂದು ನಡಿಗೆ ಕೊಡುತ್ತದೆ. ಕುಂಟುವ ಮನುಷ್ಯನ ಹೆಜ್ಜೆ ಸಪ್ಪಳ ದೂರದಿಂದಲೇ ಗೊತ್ತಾಗುತ್ತದೆ, ಅಲ್ವಾ? ಹಾಗೆ.

ಒಂದು ಸಣ್ಣ ವಿಷಯ. ‘ರೈಮ್ಸ್ ಲೈಕ್ ಡೈಮ್ಸ್’ ಕೊನೆಯಲ್ಲಿ ಒಬ್ಬರು ಖುಷಿಯಿಂದ ಏನೇನೋ ಕೂಗುತ್ತಾರಲ್ಲ, ಅವರು ಬಾಬಿಟೊ ಗಾರ್ಸಿಯಾ. ಈ ಆಲ್ಬಂ ತಂದ ಫಾಂಡಲ್ ಎಮ್ ಲೇಬಲ್ ಅವರದೇ. ಲೇಬಲ್ ನಡೆಸುವವರು ಹಾಡಿನೊಳಗೆ ಬಂದು ಕುಣಿದಾಡುವಷ್ಟು ಚಿಕ್ಕ ಜಾಗ ಅದು.

ಹೊಸಕಿವಿ

ಇಬ್ಬರಿಗೂ ಥ್ಯಾಂಕ್ಸ್. ತಮ್ಮನ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿ ಸುಮ್ನೆ ಕೂತುಬಿಟ್ಟೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಥೆ ಗೊತ್ತಾದ ಮೇಲೆ ಮರುಕ ಬರುವುದು ಸಹಜ. ಕಥೆಯೇ ಗೊತ್ತಿಲ್ಲದವರಿಗೂ ಈ ಆಲ್ಬಂ ನಿಲ್ಲಬೇಕಲ್ಲವೇ? ನಿಲ್ಲುತ್ತದಾ?

ಪ್ರಾಸಪ್ರಿಯೆ

ನಿಲ್ಲುತ್ತದೆ. ನಾನು ಕಥೆ ಗೊತ್ತಿಲ್ಲದೇ ಕೇಳಿದವಳು. ನನ್ನನ್ನು ಹಿಡಿದದ್ದು ಪ್ರಾಸ.

ಸಾಮಾನ್ಯವಾಗಿ ರ‍್ಯಾಪ್‌ನಲ್ಲಿ ಸಾಲಿನ ಕೊನೆಯ ಪದ ಪ್ರಾಸ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಅಂತ್ಯಪ್ರಾಸ. ಕನ್ನಡದ ಹಳೆಯ ಪದ್ಯಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಆದಿಪ್ರಾಸ, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಕೂಡಿ ಬರಬೇಕು. ಡೂಮ್ ಇಡೀ ಸಾಲನ್ನೇ ಕೂಡಿಸುತ್ತಾರೆ. ಕನ್ನಡದಲ್ಲಿ ನಾನೇ ಒಂದು ಕಟ್ಟಿ ತೋರಿಸುತ್ತೇನೆ: ‘ಬಾಗಿಲ ಮುಂದೆ, ಸಾಗಿದ ಮಂದೆ’. ನೋಡಿ, ಎರಡನೇ ಅಕ್ಷರ ಕೂಡಿತು, ಕೊನೆಯೂ ಕೂಡಿತು, ಮಧ್ಯದ ಸ್ವರಗಳೂ ಹೆಚ್ಚುಕಡಿಮೆ ಅವೇ. ಇಂಥದ್ದನ್ನು ಅವರು ಒಂದರ ಹಿಂದೆ ಒಂದು, ಆರು ಎಂಟು ಸಾಲು ಎಳೆಯುತ್ತಾರೆ. ಅದೂ ಸೋಫಾದ ಮೇಲೆ ಕಾಲು ಚಾಚಿ ಮಾತಾಡುವ ಹಾಗೆ. ದನಿ ಏರಿಸುವುದಿಲ್ಲ. ಇಲ್ಲಿ ಪ್ರಾಸ ಬಂತು ನೋಡಿ ಅಂತ ಒತ್ತಿ ಹೇಳುವುದಿಲ್ಲ.

ಇನ್ನೊಂದು, ಅವರು ‘ನಾನು’ ಅನ್ನುವುದು ಕಡಿಮೆ. ‘ಡೂಮ್ ಹೀಗೆ ಮಾಡಿದ, ಖಳನಾಯಕ ಹಾಗೆ ಅಂದ’ ಅಂತ ಬೇರೆಯವರ ಕಥೆ ಹೇಳಿದ ಹಾಗೆ ಹೇಳುತ್ತಾರೆ. ರ‍್ಯಾಪ್‌ನಲ್ಲಿ ತನ್ನ ಬಗ್ಗೆ ಕೊಚ್ಚಿಕೊಳ್ಳುವುದು ವಾಡಿಕೆ. ಇವರು ಕೊಚ್ಚಿಕೊಂಡರೂ ಅದು ಪಾತ್ರದ ಬಾಯಲ್ಲಿ ಬರುತ್ತದೆ. ಅದಕ್ಕೇ ಕೇಳಿದಷ್ಟು ಸಲವೂ ಬೇಸರವಾಗಲಿಲ್ಲ.

ಸಾಹಿತ್ಯ ಎದುರಿಗೆ ಇಟ್ಟುಕೊಂಡು ‘ಗೋ ವಿತ್ ದ ಫ್ಲೋ’ ಒಂದನ್ನು ನಿಧಾನವಾಗಿ ಕೇಳಿ. ಕಥೆ ಬೇಕಾಗುವುದಿಲ್ಲ.

ನೇರಮಾತು

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಲ್ಬಂ ಇಷ್ಟ, ಆದರೆ ತಪ್ಪೇ ಇಲ್ಲ ಅನ್ನಲಾರೆ. 19 ಟ್ರ್ಯಾಕ್‌ಗಳಲ್ಲಿ ಐದು ಸ್ಕಿಟ್, ಅಂದರೆ ಹಾಡುಗಳ ನಡುವೆ ಬರುವ ಮಾತಿನ ತುಣುಕುಗಳು. ಅತಿಥಿಗಳಾಗಿ ಬಂದವರೆಲ್ಲ ಡೂಮ್ ಮಟ್ಟದಲ್ಲಿಲ್ಲ. ‘ಹೂ ಯು ಥಿಂಕ್ ಐ ಆ್ಯಮ್?’ ತುಂಬಾ ಜನ ಸೇರಿ ಹಾಡಿದ್ದು, ನಾನು ಪ್ರತಿ ಸಲ ದಾಟಿಸಿಬಿಡುತ್ತೇನೆ. ಸ್ವತಂತ್ರವಾಗಿ ಮಾಡುವಾಗ ‘ಇದು ಬೇಡ, ತೆಗಿ’ ಅನ್ನುವವರು ಇರುವುದಿಲ್ಲ. ಅದರ ಬೆಲೆ ಇಲ್ಲಿ ಕಾಣುತ್ತದೆ ಅಂತ ನನಗೆ ಅನಿಸುತ್ತದೆ. ಹೊಸಕಿವಿ ಅವರಿಗೆ ಎರಡೇ ಹಾಡು ಹತ್ತಿದ್ದರೆ ಅದು ಅವರ ಕಿವಿಯ ತಪ್ಪಲ್ಲ.

ಬೀಟ್‌ಗೂಡು

ಅತಿಥಿಗಳ ವಿಷಯ ಒಪ್ಪುತ್ತೇನೆ. ಸ್ಕಿಟ್ ವಿಷಯ ಖಂಡಿತ ಒಪ್ಪಲ್ಲ :)

ಹಳೇಕಾಮಿಕ್ಸ್

ಸ್ಕಿಟ್ ಬಗ್ಗೆ ನಾನು ಬರೆಯಬೇಕು. ನಾನು ರ‍್ಯಾಪ್‌ಗೆ ಬಂದದ್ದೇ ಕಾಮಿಕ್ಸ್ ಕಡೆಯಿಂದ.

ಆ ಕಾರ್ಟೂನ್ ಮಾತುಗಳು ‘ಫೆಂಟಾಸ್ಟಿಕ್ ಫೋರ್’ ಅನ್ನೋ ಸೂಪರ್‌ಹೀರೋ ತಂಡದ ಕಾರ್ಟೂನ್‌ನವು, ಅದರ ಖಳನಾಯಕ ಡಾಕ್ಟರ್ ಡೂಮ್. ಮಾರ್ವೆಲ್ ಕಾಮಿಕ್ಸ್‌ನಲ್ಲಿ ಡಾಕ್ಟರ್ ಡೂಮ್ ಮೊದಲು ಕಾಣಿಸಿಕೊಂಡಿದ್ದು 1962ರಲ್ಲಿ. (ಕಾಮಿಕ್ಸ್‌ನ ಡೂಮ್‌ನನ್ನು ‘ಅವನು’ ಅಂತಲೂ ಹಾಡುಗಾರ ಡೂಮ್ ಅವರನ್ನು ‘ಅವರು’ ಅಂತಲೂ ಬರೆಯುತ್ತೇನೆ, ಗೊಂದಲ ಬೇಡ.) ಅವನ ಕಥೆ ಏನು? ಬುದ್ಧಿವಂತ ವಿದ್ಯಾರ್ಥಿ. ಕಾಲೇಜಿನಲ್ಲಿ ಗುಟ್ಟಾಗಿ ಸತ್ತವರ ಲೋಕವನ್ನು ಮುಟ್ಟುವ ಯಂತ್ರ ಮಾಡಲು ಹೋಗುತ್ತಾನೆ. ಮುಂದಿನ ಕಥೆಗಳಲ್ಲಿ ಅದು ತೀರಿಹೋದ ತಾಯಿಗಾಗಿ ಅಂತ ಬರುತ್ತದೆ. ಯಂತ್ರ ಸಿಡಿಯುತ್ತದೆ, ಮುಖಕ್ಕೆ ಗಾಯ. ಕಾಲೇಜಿನಿಂದ ಹೊರಗೆ ಹಾಕುತ್ತಾರೆ. ಅವನು ಅಲೆದಾಡಿ, ಲೋಹದ ಮುಖವಾಡ ಮಾಡಿಸಿಕೊಂಡು, ಸೇಡಿಗೆ ಬರುತ್ತಾನೆ.

ಈಗ ತಿರುಗುತಟ್ಟೆ ಅವರು ಮೇಲೆ ಬರೆದದ್ದನ್ನು ಮತ್ತೆ ಓದಿ. ಮನೆಯವರ ಸಾವು. ಹೊರಗೆ ಹಾಕಿಸಿಕೊಂಡದ್ದು. ಅಲೆದಾಟ. ಮುಖವಾಡ ಹಾಕಿ ವಾಪಸ್ ಬಂದದ್ದು. ಡೂಮಿಲೆ ಅನ್ನೋ ಮನೆಹೆಸರಲ್ಲೇ ‘ಡೂಮ್’ ಕೂತಿತ್ತು. ಅವರು ತಮ್ಮ ಬದುಕನ್ನು ನೇರವಾಗಿ ಹೇಳಲಿಲ್ಲ. ಕಾರ್ಟೂನ್ ತುಣುಕು ಕತ್ತರಿಸಿ ಅಂಟಿಸಿ, ಬೇರೆಯವನ ಕಥೆಯ ಒಳಗೆ ಇಟ್ಟು ಹೇಳಿದರು. ಸ್ಕಿಟ್ ತೆಗೆದರೆ ಇದು ಬಿಡಿ ಹಾಡುಗಳ ಕಟ್ಟು ಅಷ್ಟೇ. ಸ್ಕಿಟ್ ಇದ್ದರೆ ಒಂದೇ ಕಥೆ.

ಮುಖವಾಡ ಮಾರಾಟದ ತಂತ್ರ ಅಂತ ಕೆಲವರು ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಮುಖ ಮಾರಿ ಬದುಕುವ ಉದ್ಯಮ ಇದು. ಅಲ್ಲಿ ಮುಖವನ್ನೇ ಮುಚ್ಚಿ, ‘ಹಾಡು ಕೇಳಿ, ನನ್ನನ್ನು ನೋಡಬೇಡಿ’ ಅನ್ನಲು ಧೈರ್ಯ ಬೇಕು.

ನೇರಮಾತು

ಸತ್ತವರ ಲೋಕ ಮುಟ್ಟುವ ಯಂತ್ರ! ಇದು ನನಗೆ ಗೊತ್ತಿರಲಿಲ್ಲ. ಸರಿ, ಸ್ಕಿಟ್ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅತಿಥಿಗಳ ಬಗ್ಗೆ ಇಲ್ಲ.

ತಿರುಗುತಟ್ಟೆ

ಅತಿಥಿಗಳ ಪರವಾಗಿ ಒಂದೇ ಮಾತು. ‘ಟಿಕ್, ಟಿಕ್…’ ಕೇಳಿ. ಬೀಟ್ ನಿಧಾನವಾಗುತ್ತದೆ, ಮತ್ತೆ ಓಡುತ್ತದೆ, ಮತ್ತೆ ನಿಧಾನ. ರ‍್ಯಾಪರ್‌ಗೆ ಇದು ಕಾಲ ಕೆಳಗಿನ ನೆಲ ಸರಿದ ಹಾಗೆ. ಅದರ ಮೇಲೆ ಎಂ.ಎಫ್. ಗ್ರಿಮ್ ಒಂದು ಸಾಲೂ ತಪ್ಪದೆ ನಡೆಯುತ್ತಾರೆ. ಅವರಿಗೆ 1994ರಲ್ಲಿ ಗುಂಡೇಟು ಬಿದ್ದು ಗಾಲಿಕುರ್ಚಿ ಸೇರಿದ್ದರು. ಆದರೂ ಹಾಡುವುದನ್ನು ಬಿಡಲಿಲ್ಲ. ಡೂಮ್, ಗ್ರಿಮ್, ಇನ್ನೂ ಕೆಲವರು ಸೇರಿ ಗಾಡ್ಜಿಲ್ಲಾ ಸಿನಿಮಾಗಳ ರಾಕ್ಷಸರ ಹೆಸರು ಇಟ್ಟುಕೊಂಡು ‘ಮಾನ್‌ಸ್ಟಾ ಐಲೆಂಡ್ ಝಾರ್ಸ್’ ಅಂತ ಗುಂಪು ಮಾಡಿಕೊಂಡಿದ್ದರು. ದೊಡ್ಡ ಲೇಬಲ್ ಆಗಿದ್ದರೆ ಹೆಸರುವಾಸಿ ಅತಿಥಿಗಳನ್ನು ದುಡ್ಡು ಕೊಟ್ಟು ಕರೆಸುತ್ತಿತ್ತು. ಇಲ್ಲಿ ಬಂದವರು ಕಷ್ಟದ ದಿನಗಳಲ್ಲಿ ಜೊತೆಗಿದ್ದ ಗೆಳೆಯರು. ಕೆಲವರು ಚೆನ್ನಾಗಿ ಹಾಡಿದ್ದಾರೆ, ಕೆಲವರು ಸುಮಾರು. ಅವರನ್ನು ಬಿಟ್ಟು ಆಲ್ಬಂ ಮಾಡಲು ಡೂಮ್‌ಗೆ ಮನಸ್ಸು ಬರುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಹೊಸಕಿವಿ

ಇನ್ನೊಂದು ಕೇಳಲೇ? ಇಷ್ಟೆಲ್ಲ ಹೆಸರಾಂತ ಹಾಡುಗಳ ತುಣುಕು ಬಳಸಿದ್ದಾರೆ. ಸಣ್ಣ ಲೇಬಲ್‌ಗೆ ಅದಕ್ಕೆಲ್ಲ ಅನುಮತಿ ತರಲು ಆಗುತ್ತಿತ್ತಾ?

ಬೀಟ್‌ಗೂಡು

ಈ ಪ್ರಶ್ನೆ ಬಹಳ ಮುಖ್ಯ. ಸ್ವಲ್ಪ ಹಿನ್ನೆಲೆ.

1991ರ ಕೊನೆಯಲ್ಲಿ ನ್ಯೂಯಾರ್ಕ್‌ನ ಕೋರ್ಟ್ ಒಂದು ತೀರ್ಪು ಕೊಟ್ಟಿತು. ರ‍್ಯಾಪರ್ ಬಿಜ್ ಮಾರ್ಕಿ ಅವರು ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದರು. ನ್ಯಾಯಾಧೀಶರು ‘ಕದಿಯಬೇಡ’ ಅನ್ನೋ ಬೈಬಲ್ ಆಜ್ಞೆಯಿಂದಲೇ ತೀರ್ಪು ಶುರು ಮಾಡಿದರು. ಅಲ್ಲಿಂದ ಮುಂದೆ ದೊಡ್ಡ ಲೇಬಲ್‌ಗಳು ಪ್ರತಿ ತುಣುಕಿಗೂ ಅನುಮತಿ, ವಕೀಲರು, ದುಡ್ಡು ಅಂತ ಲೆಕ್ಕ ಹಾಕಲು ಶುರು ಮಾಡಿದವು. ಪದರ ಪದರವಾಗಿ ಸ್ಯಾಂಪಲ್, ಅಂದರೆ ಇಂಥ ತುಣುಕು, ಜೋಡಿಸುವ ಆಲ್ಬಂಗಳು ಕಡಿಮೆಯಾದವು.

ಈಗ ‘ಗ್ಯಾಸ್ ಡ್ರಾಲ್ಸ್’ ತೆಗೆದುಕೊಳ್ಳಿ. ಅದರ ಕೆಳಗಿರುವುದು ಸ್ಟೀಲಿ ಡ್ಯಾನ್ ತಂಡದ ‘ಬ್ಲ್ಯಾಕ್ ಕೌ’. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಾರ್ಡ್ ತಾರಿಕ್ ಮತ್ತು ಪೀಟರ್ ಗನ್ಸ್ ಅನ್ನೋ ಜೋಡಿ ಅದೇ ಹಾಡಿನ ತುಣುಕು ಬಳಸಿತು. ಅದು ದೊಡ್ಡ ಹಿಟ್ ಆಯಿತು. ಆಗ ಅವರು ಸ್ಟೀಲಿ ಡ್ಯಾನ್‌ಗೆ ದೊಡ್ಡ ಮೊತ್ತ ಕೊಟ್ಟು ಹಾಡಿನ ಪಬ್ಲಿಷಿಂಗ್ ಹಕ್ಕನ್ನೂ ಪೂರ್ತಿ ಬಿಟ್ಟುಕೊಡಬೇಕಾಯಿತು. ಒಂದೇ ತುಣುಕು, ಎರಡು ಹಣೆಬರಹ. ಡೂಮ್ ಅವರದು ಸಣ್ಣ ಲೇಬಲ್‌ನ ವಿನೈಲ್. ರೇಡಿಯೋ ಚಾರ್ಟ್‌ನಲ್ಲಿ ಬರುವಂಥದ್ದಲ್ಲ.

ನನಗೆ ಅನಿಸುವುದು ಇಷ್ಟು. ದೊಡ್ಡ ಲೇಬಲ್‌ನಲ್ಲೇ ಇದ್ದಿದ್ದರೆ ಈ ಆಲ್ಬಂ ಈ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಶಾಡೆ, ಕ್ವಿನ್ಸಿ ಜೋನ್ಸ್, ಸ್ಟೀಲಿ ಡ್ಯಾನ್, ಮೇಲೆ ಮಾರ್ವೆಲ್ ಪಾತ್ರದ ಚಿತ್ರ ಮುಖಪುಟದಲ್ಲಿ. ಯಾವ ವಕೀಲ ಒಪ್ಪುತ್ತಾನೆ?

ತಿರುಗುತಟ್ಟೆ

ಬಾಬಿಟೊ ಬಗ್ಗೆ ಇನ್ನೆರಡು ಸಾಲು ಸೇರಿಸುತ್ತೇನೆ, ಅವರಿಲ್ಲದೆ ಈ ಆಲ್ಬಂ ಇಲ್ಲ. 1990ರಿಂದ 1998ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಡಿಜೆ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಜೊತೆ ಅವರು ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದರು. ನಡುರಾತ್ರಿ ದಾಟಿದ ಮೇಲೆ ಶುರು, ಬೆಳಗಿನ ಜಾವದವರೆಗೆ. ಲೇಬಲ್ ಸಿಗದ ಹುಡುಗರು ಅಲ್ಲಿ ಬಂದು ಹಾಡುತ್ತಿದ್ದರು. ನಾಸ್, ಜೇ-ಝೀ ಎಲ್ಲರೂ ಹೆಸರು ಮಾಡುವ ಮೊದಲು ಆ ಮೈಕ್ ಮುಂದೆ ನಿಂತವರೇ. ಆ ಕಾರ್ಯಕ್ರಮ ಕೇಳುತ್ತಿದ್ದ ಜನವೇ ಫಾಂಡಲ್ ಎಮ್ ವಿನೈಲ್ ಹುಡುಕಿಕೊಂಡು ಹೋಗುತ್ತಿದ್ದದ್ದು. ಸ್ವತಂತ್ರ ಅಂದರೆ ಒಂಟಿ ಅಂತಲ್ಲ. ಎಲ್ಲರೂ ಬಾಗಿಲು ಹಾಕಿದಾಗ ಒಬ್ಬರು ತೆರೆದರು.

ಇನ್ನು ಹೊಸಕಿವಿ ಅವರೇ, ಒಂದು ಕೋರಿಕೆ. 18ನೇ ಟ್ರ್ಯಾಕ್ ಇದೆಯಲ್ಲ, ಹೆಸರೇ ಇಲ್ಲ, ಬರೀ ಪ್ರಶ್ನೆ ಚಿಹ್ನೆ. ಅದರ ಕೊನೆಯ ಭಾಗ ಇನ್ನೊಮ್ಮೆ ಕೇಳಿ. ಬೇರೆ ಏನೂ ಮಾಡದೆ, ಬರೀ ಅದನ್ನು.

ಹೊಸಕಿವಿ

ಕೇಳಿದೆ. ಈಗಷ್ಟೇ ಮುಗಿಯಿತು.

ಇಡೀ ಆಲ್ಬಂನಲ್ಲಿ ‘ಖಳನಾಯಕ ಹೀಗಂದ, ಹಾಗಂದ’ ಅಂತ ದೂರ ನಿಂತು ಹೇಳುತ್ತಿದ್ದವರು ಇಲ್ಲಿ ‘ನೀನು’ ಅಂತ ಮಾತಾಡುತ್ತಾರೆ. ತಮ್ಮನ ಜೊತೆ. ಅವನ ಒಂದು ಫೋಟೋ ಇಟ್ಟುಕೊಂಡಿದ್ದೇನೆ ಅನ್ನುತ್ತಾರೆ, ಕೈಯಲ್ಲಿ ಮಚ್ಚು ಹಿಡಿದು ನಿಂತಿರುವ ಫೋಟೋ. ಎಲ್ಲಾ ಅಂದುಕೊಂಡ ಹಾಗೇ ನಡೆಯುತ್ತಿದೆ ಅಂತ ಅವನಿಗೆ ವರದಿ ಒಪ್ಪಿಸುತ್ತಾರೆ. ದನಿಯಲ್ಲಿ ಅಳು ಇಲ್ಲ. ದಿನಾ ಮಾತಾಡುವವರ ಹಾಗೇ ಇದೆ. ಅದೇ ನನಗೆ ತಡೆಯಲಾಗಲಿಲ್ಲ.

ಆಮೇಲೆ ‘ಡೂಮ್ಸ್‌ಡೇ’ ಮತ್ತೆ ಹಾಕಿದೆ. ನನಗೆ ಮೊದಲ ದಿನವೇ ಇಷ್ಟವಾಗಿದ್ದ ಹಾಡು. ಅದರ ಪಲ್ಲವಿಯಲ್ಲೂ ತಮ್ಮ ಇದ್ದಾನೆ! ತಮ್ಮ ಹೋದ ಜಾಗಕ್ಕೇ ತಾನೂ ಹೋಗಿ ಸೇರುವ ದಿನದ ಮಾತು ಅದು. ಎಷ್ಟು ಸಲ ಗುನುಗಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಕೆಳಗೆ ಆ ನಯವಾದ ಟ್ಯೂನ್ ಯಾಕೆ ಇದೆ ಅಂತ ಈಗ ಅರ್ಥವಾಯಿತು. ಕೋಪಕ್ಕೆ ಆ ಟ್ಯೂನ್ ಹೊಂದುವುದಿಲ್ಲ. ನೆನಪಿಗೆ ಹೊಂದುತ್ತದೆ.

ದನಿ ಮಂಕಾಗಿದೆ ಅನ್ನೋ ಮಾತು ಇನ್ನೂ ನಿಜವೇ. ಆದರೆ ಈಗ ಅದು ಸರಿಯಾಗಿರಲಿ ಅಂತ ನನಗೆ ಬೇಕಾಗಿಲ್ಲ.

ಪ್ರಾಸಪ್ರಿಯೆ

2020ರ ಅಕ್ಟೋಬರ್ 31ರಂದು ಅವರು ತೀರಿಕೊಂಡರು. ವಯಸ್ಸು 49. ಮನೆಯವರು ಹೊರಗೆ ಹೇಳಿದ್ದು ಡಿಸೆಂಬರ್ 31ಕ್ಕೆ. ಎರಡು ತಿಂಗಳು ಪ್ರಪಂಚಕ್ಕೆ ಗೊತ್ತೇ ಇರಲಿಲ್ಲ. ಸುದ್ದಿ ಓದಿದ ರಾತ್ರಿ ನಾನೂ ಹಾಕಿದ್ದು ‘ಡೂಮ್ಸ್‌ಡೇ’ಯನ್ನೇ. ಆ ಪಲ್ಲವಿ ಬಂದಾಗ ನಿಲ್ಲಿಸಿಬಿಟ್ಟೆ.

ಹಳೇಕಾಮಿಕ್ಸ್

ಹೊಸಕಿವಿ ಅವರೇ, ಇನ್ನು ಮುಂದೆ ಏನು ಕೇಳುತ್ತೀರಿ? 2003ರಲ್ಲಿ ಅವರು ಕಿಂಗ್ ಗೀಡೋರಾ ಅನ್ನೋ ಮೂರು ತಲೆಯ ರಾಕ್ಷಸನ ಹೆಸರಲ್ಲಿ ಮಾಡಿದ ‘ಟೇಕ್ ಮಿ ಟು ಯುವರ್ ಲೀಡರ್’ ಇದೆ. ನನ್ನ ಮತ ಅದಕ್ಕೆ.

ತಿರುಗುತಟ್ಟೆ

ಮುಂದಕ್ಕೆ ಹೋಗುವ ಮೊದಲು ಒಮ್ಮೆ ಹಿಂದಕ್ಕೆ ಹೋಗಿ. ‘ಮಿಸ್ಟರ್ ಹುಡ್’ ಕೇಳಿ. ಅದರಲ್ಲೂ ಸ್ಕಿಟ್ ಇದೆ. ಭಾಷೆ ಕಲಿಸುವ ಹಳೆಯ ರೆಕಾರ್ಡ್‌ನ ಮಾತುಗಳನ್ನು ಕತ್ತರಿಸಿ, ಮಿಸ್ಟರ್ ಹುಡ್ ಅನ್ನೋ ಪಾತ್ರವನ್ನೇ ಮಾಡಿದ್ದಾರೆ. ಕಾರ್ಟೂನ್ ಕತ್ತರಿಸುವ ಕೈ ಎಲ್ಲಿ ಪಳಗಿತು ಅಂತ ಗೊತ್ತಾಗುತ್ತದೆ. ಸಬ್‌ರಾಕ್ ದನಿಯೂ ಇದೆ.

ಹೊಸಕಿವಿ

ಈಗಲೇ ಹಾಕಿದೆ. ಅಯ್ಯೋ, ಡೂಮ್ ದನಿ ಎಷ್ಟು ಎಳೆಯದು! ಅದೇ ಮನುಷ್ಯ ಅಂತ ನಂಬುವುದು ಕಷ್ಟ. ಸಬ್‌ರಾಕ್ ಅವರ ಹಾಡು ಇನ್ನೂ ಬಂದಿಲ್ಲ. ಅದನ್ನು ಕೇಳಿ ಬಂದು ಬರೆಯುತ್ತೇನೆ.